ಹಕ್ಕಿಯ ದನಿಯೂ ಸಾಮಾಯಿಕವೂ

ಶ್ರಾವಕನಿಗೆ ವಿಧಿಸಿರುವ ನಾಲ್ಕು ಶಿಕ್ಷಾವ್ರತಗಳಲ್ಲಿ ಸಾಮಾಯಿಕವೂ ಒಂದು. ಎರಡು ಘಳಿಗೆ, ಅಂದರೆ 48 ನಿಮಿಷಗಳ ಕಾಲ, ಪಾಪಕ್ರಿಯೆಗಳನ್ನು ತ್ಯಜಿಸಿ ಸಮಭಾವದಲ್ಲಿ ನೆಲೆಸುವ ಅಭ್ಯಾಸವದು. ಅದಕ್ಕೆ ಒಂದು ಚಾಪೆ, ಶುಚಿಯಾದ ಒಂದು ಮೂಲೆ ಸಾಕು. ಈಗ ಅಲ್ಲಿಗೂ ಹೊಸದೊಂದು ಸಾಧನ ಬಂದು ಸೇರುತ್ತಿದೆ.

ಕೆನಡಾದ ಕಂಪನಿಯೊಂದು 2014ರಲ್ಲಿ ‘ಮ್ಯೂಸ್’ ಎಂಬ ತಲೆಪಟ್ಟಿಯನ್ನು ಮಾರುಕಟ್ಟೆಗೆ ತಂದಿತು. ಹಣೆಗೂ ಕಿವಿಯ ಹಿಂಬದಿಗೂ ತಾಗುವ ಸಂವೇದಕಗಳು ಮಿದುಳಿನ ಸೂಕ್ಷ್ಮ ವಿದ್ಯುತ್ ತರಂಗಗಳನ್ನು ಗ್ರಹಿಸಿ ಮೊಬೈಲಿಗೆ ಕಳುಹಿಸುತ್ತವೆ. ಮನಸ್ಸು ಅಲೆದರೆ ಕಿವಿಯಲ್ಲಿ ಗಾಳಿಮಳೆಯ ಸದ್ದು ಏರುತ್ತದೆ. ಶಾಂತವಾಗಿ ನಿಂತರೆ ಹಕ್ಕಿಗಳು ಉಲಿಯುತ್ತವೆ. ಚರ್ಮದ ಮೇಲೆ ಬೆಳಕು ಹಾಯಿಸಿ ಹೃದಯದ ಬಡಿತವನ್ನು ಎಣಿಸುವ ಇಯರ್‌ಫೋನ್‌ಗಳೂ ಬಂದಿವೆ.

ಮಗ ತಂದುಕೊಟ್ಟ ಇಂತಹ ಸಾಧನವೊಂದನ್ನು ಧರಿಸಿ ನಾನೂ ಕೆಲವು ದಿನ ಸಾಮಾಯಿಕಕ್ಕೆ ಕುಳಿತೆ. ಒಂದು ಮುಂಜಾನೆ ಹಕ್ಕಿಗಳು ಎಡೆಬಿಡದೆ ಉಲಿದವು. ಎದ್ದು ನೋಡಿದರೆ ಹಿಂದೆಂದೂ ಬಾರದಷ್ಟು ಅಂಕ! ಮೂರು ದಶಕ ಮಕ್ಕಳಿಗೆ ಅಂಕ ಹಾಕಿದವನು ನಾನು. ಅಂದು ತರಗತಿಗೆ ಮೊದಲಿಗನಾದ ಬಾಲಕನಂತೆ ಹಿಗ್ಗಿದೆ. ಅಷ್ಟರಲ್ಲಿ ತಮ್ಮನ ಕರೆ ಬಂತು. ಊರಿನ ಗದ್ದೆಯ ಬದುವಿನ ವಿಚಾರದಲ್ಲಿ ನಮ್ಮಿಬ್ಬರಿಗೂ ಮನಸ್ತಾಪ. ಹೆಸರು ಕಂಡೊಡನೆ ಹುಬ್ಬು ಗಂಟಿಕ್ಕಿತು, ಕರೆಯನ್ನು ಸ್ವೀಕರಿಸಲಿಲ್ಲ. ಎರಡು ಘಳಿಗೆಯ ಶಾಂತಿಯ ಅಡಿಯಲ್ಲಿ ಆ ಕಷಾಯ ಕದಲದೆ ಕುಳಿತಿತ್ತು. ಯಂತ್ರಕ್ಕೆ ಅದು ಕಾಣಲಿಲ್ಲ. ಯಂತ್ರದ ಮೆಚ್ಚುಗೆ ಸಿಕ್ಕಿದ್ದರಿಂದ ನಾನೂ ಹುಡುಕಲಿಲ್ಲ.

ತತ್ತ್ವಾರ್ಥಸೂತ್ರವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಮೊದಲೆರಡೂ ಧ್ಯಾನಗಳೇ, ಆದರೆ ಸಂಸಾರವನ್ನು ಬೆಳೆಸುವಂಥವು. ಮೀನಿಗಾಗಿ ಒಂಟಿಕಾಲಲ್ಲಿ ನಿಂತ ಕೊಕ್ಕರೆಗೂ ಏಕಾಗ್ರತೆಯುಂಟು. ಸಂವೇದಕವು ಏಕಾಗ್ರತೆಯ ಸುಳಿವನ್ನು ಕೊಟ್ಟೀತು. ಅದು ಯಾವುದರಲ್ಲಿ, ಯಾವ ಭಾವದಿಂದ ಎಂಬುದನ್ನು ಹೇಳಲಾರದು. ಮೇಲಾಗಿ, ಹಕ್ಕಿಯ ದನಿಗಾಗಿ ಕಾಯುವುದು ರಾಗ, ಗಾಳಿ ಬೀಸಿದರೆ ಬೇಸರಗೊಳ್ಳುವುದು ದ್ವೇಷ. ಇವೆರಡನ್ನೂ ಬಿಡಲೆಂದು ಕುಳಿತವನ ಕಿವಿಗೇ ಅವನ್ನು ಒದಗಿಸಿದಂತಾಯಿತಲ್ಲವೇ?

ಭಗವಾನ್ ಬಾಹುಬಲಿಯ ಕಥೆಯನ್ನು ನೆನೆಯೋಣ. ಒಂದು ವರ್ಷ ಅಲುಗದೆ ನಿಂತರು. ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು. ಆ ದೇಹವನ್ನು ಯಾವ ಯಂತ್ರ ಅಳೆದಿದ್ದರೂ ಪೂರ್ಣ ಅಂಕ ಕೊಡುತ್ತಿತ್ತು. ಆದರೂ ಕೇವಲಜ್ಞಾನ ದೂರವೇ ಉಳಿಯಿತು. ತಾನು ನಿಂತಿರುವುದು ಅಣ್ಣನಾದ ಭರತನ ನೆಲದಲ್ಲಿ ಎಂಬ ಸಣ್ಣ ಮುಳ್ಳೊಂದು ಮನದಲ್ಲಿತ್ತೆಂದು ನಮ್ಮ ನಾಡಿನ ಜನ ಹೇಳುತ್ತ ಬಂದಿದ್ದಾರೆ. ಭರತನು ಬಂದು ವಂದಿಸಿದಾಗ ಆ ಶಲ್ಯ ಕಳಚಿತು, ಜ್ಞಾನ ಬೆಳಗಿತು.

ಸಾಧನವನ್ನು ನಾನು ಹಳಿಯಲಾರೆ. ವೈದ್ಯರು ಹೇಳಿದರೆ ಹೃದ್ರೋಗಿಗೆ ನಾಡಿಯ ಲೆಕ್ಕ ಬೇಕೇ ಬೇಕು. ಚಂಚಲಚಿತ್ತದ ಯುವಕನೊಬ್ಬನನ್ನು ಅದು ಹತ್ತು ನಿಮಿಷ ಕೂರಿಸುವುದಾದರೆ ಊರುಗೋಲಾಗಿ ಇರಲಿ. ಆದರೆ ಶಾಸ್ತ್ರವು ಸಾಮಾಯಿಕಕ್ಕೆ ಬೇರೊಂದು ಅಳತೆಗೋಲನ್ನು ಕೊಟ್ಟಿದೆ. ಮನಸ್ಸು, ಮಾತು, ದೇಹಗಳನ್ನು ತಪ್ಪುದಾರಿಗೆ ಹರಿಯಬಿಡುವುದು, ಅನಾದರ, ಮರೆವು - ಇವು ಐದು ಅತಿಚಾರಗಳು. ಇವನ್ನು ಹುಡುಕಿ ಗುರುತಿಸಬೇಕಾದವನು ಸಾಧಕನೇ. ಅವನ ಪರವಾಗಿ ಮತ್ತೊಬ್ಬರು ಹಾಜರಿ ಹಾಕುವಂತಿಲ್ಲ.

ಅಂದು ಸಂಜೆ ಪ್ರತಿಕ್ರಮಣ ಮುಗಿಸಿ ನಾನೇ ತಮ್ಮನಿಗೆ ಕರೆ ಮಾಡಿದೆ. ಬದುವಿನ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ. ಮಾತು ಮಾತ್ರ ಮತ್ತೆ ಆರಂಭವಾಗಿದೆ. ಸಾಧನವೀಗ ಕಪಾಟಿನಲ್ಲಿದೆ. ಮುಂಜಾನೆ ಅಂಗಳದಲ್ಲಿ ಹಕ್ಕಿಗಳು ಉಲಿಯುತ್ತವೆ, ಒಮ್ಮೊಮ್ಮೆ ಗಾಳಿಯೂ ಬೀಸುತ್ತದೆ. ಎರಡನ್ನೂ ಸಮನಾಗಿ ಕೇಳುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.