ಕಟ್ಟು ಮತ್ತು ಕಟ್
ಇಂಗ್ಲಿಷಿನ ‘ಕಟ್’ ಕಾರವಾರ, ಅಂಕೋಲಾ ಕಡೆ ದುಡಿಯುವ ದುಡಿತಕ್ಕೆ ಓವರ್‌ಟೈಮ್ ಕೊಡಬೇಕು. ಮೀನುಪೇಟೆಯಲ್ಲಿ ಇಸವಾಣ ಕಟ್ ಮಾಡುತ್ತಾರೆ, ಹುಡುಗರು ಕ್ಲಾಸು ಕಟ್ ಮಾಡುತ್ತಾರೆ, ಮಾತಿನ ನಡುವೆ ಫೋನ್ ಕಟ್ಟಾಗುತ್ತದೆ, ರಜೆ ಹೆಚ್ಚಾದರೆ ಸಂಬಳ ಕಟ್. ತಮಾಷೆಯೆಂದರೆ ನಮ್ಮದೇ ‘ಕಟ್ಟು’ ತದ್ವಿರುದ್ಧ ಅರ್ಥ ಹೊತ್ತು ಇದರ ಮಗ್ಗುಲಲ್ಲೇ ಕೂತಿದೆ: ಬಿಲ್ ಕಟ್ಟದಿದ್ದರೆ ಕರೆಂಟ್ ಕಟ್! ಕನ್ನಡಕ್ಕೆ ಬಂದ ಈ ಕ್ರಿಯಾಪದಕ್ಕೆ ಸಾಮಾನ್ಯವಾಗಿ ‘ಮಾಡು’ ಅಥವಾ ‘ಆಗು’ವಿನ ಊರುಗೋಲು ಬೇಕು. ‘ಆಗು’ ಸೇರಿತೋ, ಮಾಡಿದವನು ಮಾಯ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ಮುಚ್ಚಿ ಗಂಗಾವಳಿ ನದಿಗಿಳಿಯಿತು. ದಾರಿಬದಿಯ ಚಹಾದಂಗಡಿಯವರು, ಲಾರಿಯವರು ಜೀವ ಕಳೆದುಕೊಂಡರು. ‘ರಸ್ತೆ ಕಟ್ಟಾಗಿದೆ’ ಎಂದಿತು ಊರು. ಅದೇನೋ ನಿಜ. ಆದರೆ ಅದಕ್ಕೂ ಮೊದಲು ಚತುಷ್ಪಥಕ್ಕಾಗಿ ಗುಡ್ಡ ಕಟ್ ಮಾಡಿದ್ದರಲ್ಲ, ಆ ವಾಕ್ಯಕ್ಕೆ ಕರ್ತೃಪದ ಇರಲೇಬೇಕು. ವ್ಯಾಕರಣ ಬಲ್ಲ ಯಾವ ಮೇಷ್ಟರಾದರೂ ಕೇಳುವ ಪ್ರಶ್ನೆ ಅದು. ಮೂರು ವಾರ ಕಳೆದು, ಆಗಸ್ಟ್ 7ರ ನಸುಕಿಗೂ ಮುಂಚೆ, ಕಾರವಾರ–ಸದಾಶಿವಗಡ ನಡುವಿನ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಚಾಲಕ ಬದುಕಿದ. ಕಟ್ಟಿದ್ದೇ ಕಟ್ಟಾಯಿತು. ಆಮೇಲೆ ಗೋವಾಕ್ಕೆ ಹೋಗುವ, ಬರುವ ಗಾಡಿಗಳೆಲ್ಲ ಪಕ್ಕದ ಹೊಸ ಸೇತುವೆಯೊಂದನ್ನೇ ಹಂಚಿಕೊಂಡವು.