ಕೊಂಡದ್ದು ನಮ್ಮದಲ್ಲವೇ?

ಆಟದ ಸಾಮಾನಿಗಾಗಿ ಮೀಸೆ ಬಂದ ಗಂಡಸರು ರಂಪ ಮಾಡಿದರೆ ನಮಗೆ ನಗು ಬರುತ್ತದೆ. 2013ರಲ್ಲಿ ನಾನೂ ನಕ್ಕಿದ್ದೆ. ಆಗ ಪಿಯುಸಿ ಓದುತ್ತಿದ್ದ ಮಗ ಕಂಪ್ಯೂಟರಿನ ಮುಂದಿನಿಂದ ಎದ್ದು ಅಡುಗೆಮನೆಗೆ ಬಂದು, "ಅಮ್ಮಾ, ದುಡ್ಡು ಕೊಟ್ಟು ತಗೊಂಡ ಆಟಾನ ಫ್ರೆಂಡ್‌ಗೆ ಕೊಡೋ ಹಾಗಿಲ್ವಂತೆ. ಅನ್ಯಾಯ ಅಲ್ವಾ?" ಎಂದ. "ಅಮೆರಿಕದವರ ಆಟದ ಚಿಂತೆ ನಿನಗ್ಯಾಕೋ? ಹೋಗಿ ಫಿಸಿಕ್ಸ್ ಓದು" ಎಂದು ಗದರಿಸಿ ಕಳಿಸಿದೆ. ಪ್ರಶ್ನೆ ಕೇಳಿದ ಹುಡುಗನನ್ನು ಗದರಿಸಬಾರದೆಂದು ತರಗತಿಯಲ್ಲಿ ನನಗೆ ಗೊತ್ತು; ಮನೆಯಲ್ಲಿ ಮರೆತಿದ್ದೆ.

ನಡೆದದ್ದು ಇಷ್ಟು. 2013ರ ಮೇ 21ರಂದು ಅಮೆರಿಕದ ರೆಡ್ಮಂಡ್‌ನಲ್ಲಿ ಮೈಕ್ರೋಸಾಫ್ಟ್ ಕಂಪೆನಿ 'ಎಕ್ಸ್‌ಬಾಕ್ಸ್ ಒನ್' ಎಂಬ ಹೊಸ ವಿಡಿಯೋ ಗೇಮ್ ಯಂತ್ರವನ್ನು ಅನಾವರಣ ಮಾಡಿತು. ಟಿ.ವಿ.ಗೆ ಜೋಡಿಸಿ ಆಡುವ ಪೆಟ್ಟಿಗೆ ಅದು. ಜೊತೆಗೆ ನಮ್ಮನ್ನು ನೋಡುವ, ನಮ್ಮ ಮಾತು ಕೇಳಿಸಿಕೊಳ್ಳುವ ಕಿನೆಕ್ಟ್ ಎಂಬ ಸಲಕರಣೆ. ಅದನ್ನು ಜೋಡಿಸದೆ ಯಂತ್ರ ನಡೆಯದು ಎಂದರು. ಸ್ವಲ್ಪ ದಿನಗಳಲ್ಲೇ ಉಳಿದ ಷರತ್ತುಗಳೂ ಹೊರಬಿದ್ದವು. ಯಂತ್ರವು 24 ಗಂಟೆಗೊಮ್ಮೆ ಇಂಟರ್‌ನೆಟ್ ಮೂಲಕ ಕಂಪೆನಿಗೆ ಹಾಜರಿ ಹಾಕಬೇಕು. ತಪ್ಪಿದರೆ ಆಟ ಬಂದ್. ಕೊಂಡ ಡಿಸ್ಕನ್ನು ಗೆಳೆಯನಿಗೆ ಕೊಡಬೇಕೆಂದರೆ, ಆತ ನಿಮ್ಮ ಗೆಳೆಯರ ಪಟ್ಟಿಯಲ್ಲಿ ಕನಿಷ್ಠ 30 ದಿನ ಇದ್ದಿರಬೇಕು. ಅದೂ ಒಂದೇ ಒಂದು ಸಲ. ಎರವಲು ಕೊಡುವುದು ಸದ್ಯಕ್ಕೆ ಇಲ್ಲವೇ ಇಲ್ಲ. ಇಷ್ಟಕ್ಕೆ ಬೆಲೆ 499 ಡಾಲರ್!

ಇಂಟರ್‌ನೆಟ್ ಇಲ್ಲದವರ ಗತಿಯೇನು ಎಂದು ಕೇಳಿದರೆ, ಆ ವಿಭಾಗದ ಮುಖ್ಯಸ್ಥ ಡಾನ್ ಮ್ಯಾಟ್ರಿಕ್, ಅಂಥವರಿಗೆ ನಮ್ಮ ಹಳೆಯ ಎಕ್ಸ್‌ಬಾಕ್ಸ್ 360 ಇದೆಯಲ್ಲ ಎಂದುಬಿಟ್ಟರು. ಬಿಸಿ ಅನ್ನ ಕೇಳಿದ ಸೊಸೆಗೆ "ನಿನ್ನೆಯ ತಂಗಳಿದೆಯಲ್ಲ" ಎನ್ನುವ ಅತ್ತೆಯ ಧಾಟಿ.

ಆಟಗಾರರು ಸುಮ್ಮನೆ ಕೂರಲಿಲ್ಲ. ಜೂನ್ 10ರಂದು ಲಾಸ್ ಏಂಜಲೀಸ್‌ನಲ್ಲಿ ಎದುರಾಳಿ ಸೋನಿ ಕಂಪೆನಿಯವರು, ತಮ್ಮ ಪ್ಲೇಸ್ಟೇಷನ್ 4ರ ಡಿಸ್ಕನ್ನು ಮಾರಬಹುದು, ಗೆಳೆಯರಿಗೆ ಕೊಡಬಹುದು ಎಂದದ್ದೇ ತಡ, ಸಭೆಯೆಲ್ಲ ಚಪ್ಪಾಳೆ. ಹೊಸದಾಗಿ ಏನೂ ಕೊಡಲಿಲ್ಲ. ಇದ್ದದ್ದನ್ನು ಕಸಿಯುವುದಿಲ್ಲ ಎಂದರು, ಅಷ್ಟೇ. ಬೆಲೆಯೂ 100 ಡಾಲರ್ ಕಡಿಮೆ. ಜೂನ್ 19ರಂದು ಮೈಕ್ರೋಸಾಫ್ಟ್ ಹಾಜರಿಯ ಷರತ್ತನ್ನೂ ಡಿಸ್ಕಿನ ಷರತ್ತನ್ನೂ ಹಿಂದಕ್ಕೆ ತೆಗೆದುಕೊಂಡಿತು. ಅನಾವರಣವಾಗಿ ತಿಂಗಳೂ ತುಂಬಿರಲಿಲ್ಲ.

ಒಂದು ಡಿಸ್ಕ್ ಹತ್ತು ಮನೆ ಸುತ್ತಿದರೆ ಆಟ ತಯಾರಿಸಿದವನು ಉಣ್ಣುವುದೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ಬೀದಿಯಲ್ಲಿ ಒಂದು 'ಸುಧಾ', ಒಂದು 'ತರಂಗ' ಎಷ್ಟು ಮನೆ ಸುತ್ತುತ್ತಿದ್ದವು! ನಮ್ಮ ಮನೆಗೆ ಬರುವಷ್ಟರಲ್ಲಿ ರಕ್ಷಾಪುಟವೇ ಇರುತ್ತಿರಲಿಲ್ಲ. ಹಾಗೆ ಎರವಲು ಓದಿ ರುಚಿ ಹತ್ತಿಸಿಕೊಂಡವಳೇ ನಾನು, ಸಂಬಳ ಕೈಗೆ ಬಂದ ಮೇಲೆ ಪುಸ್ತಕ ಕೊಂಡದ್ದು.

ಇದು ಹುಡುಗರ ವಿಷಯ, ನಮಗೇಕೆ ಎನ್ನಬೇಡಿ. ಬಳಸುವುದು ಬೇರೆ, ಒಡೆತನ ಬೇರೆ ಎಂಬುದನ್ನು ಹೆಂಗಸರಿಗೆ ಯಾರೂ ಪಾಠ ಹೇಳಬೇಕಿಲ್ಲ. ನಲವತ್ತು ವರ್ಷ ಗುಡಿಸಿ ಸಾರಿಸಿದ ಮನೆಯ ಪತ್ರದಲ್ಲಿ ಹೆಸರಿಲ್ಲದವರು ನಮ್ಮಲ್ಲಿ ಎಷ್ಟು ಮಂದಿ! ಬೀರುವಿನ ಬೀಗದಕೈ ಸೊಂಟದಲ್ಲಿದ್ದರೂ ಒಳಗಿನ ಸರವನ್ನು ತಂಗಿಯ ಮದುವೆಗೆ ಕೊಡಲು ಅಪ್ಪಣೆ ಕೇಳಬೇಕಾದವರು. ಇನ್ನೊಬ್ಬರಿಗೆ ಕೊಡಲಾಗದ್ದು ನಮ್ಮದಲ್ಲ ಎಂದು ನಾವು ಕಲಿತದ್ದು ಹೀಗೆ. "ಉಪಯೋಗಿಸಿಕೋ, ನಿನ್ನದೆನ್ನಬೇಡ" ಎಂಬ ಅದೇ ಮಾತನ್ನು ಈಗ ಕಂಪೆನಿಗಳು ದುಡ್ಡು ಎಣಿಸಿಕೊಂಡು ಹೇಳುತ್ತಿವೆ.

ಪುಸ್ತಕವನ್ನೂ ಬಿಟ್ಟಿಲ್ಲ. 2009ರಲ್ಲಿ ಅಮೆಜಾನ್ ಕಂಪೆನಿ, ಹಕ್ಕಿಲ್ಲದವರು ಮಾರಿದ್ದಾರೆಂದು, ಜನ ಕೊಂಡಿದ್ದ ಆರ್ವೆಲ್‌ನ ಕಾದಂಬರಿ '1984'ರ ಪ್ರತಿಗಳನ್ನು ಅವರ ಕಿಂಡಲ್‌ಗಳಿಂದ ದೂರದಲ್ಲೇ ಕುಳಿತು ಅಳಿಸಿತು. ಹಣ ಮರಳಿಸಿತು, ನಿಜ. ಕಪಾಟಿನಿಂದ ಪುಸ್ತಕ ಒಯ್ದು ಮೇಜಿನ ಮೇಲೆ ದುಡ್ಡಿಟ್ಟು ಹೋದವನನ್ನು ನಾವು ಏನೆಂದು ಕರೆಯುತ್ತೇವೆ?

2013ರಲ್ಲಿ ಕೂಗಿ ಗೆದ್ದದ್ದು ಈಗ ಸದ್ದಿಲ್ಲದೆ ಕೈ ಜಾರುತ್ತಿದೆ. ಅಂದು ಚಪ್ಪಾಳೆ ಗಿಟ್ಟಿಸಿದ ಸೋನಿಯೇ 2020ರಲ್ಲಿ ಡಿಸ್ಕ್ ಹಾಕುವ ಕಿಂಡಿಯೇ ಇಲ್ಲದ ಒಂದು ಪ್ಲೇಸ್ಟೇಷನ್ 5 ಮಾರಿತು. 2025ರ ಏಪ್ರಿಲ್ 2ರಂದು ಜಪಾನಿನ ನಿಂಟೆಂಡೊ ತನ್ನ 'ಸ್ವಿಚ್ 2' ಯಂತ್ರದ ವಿವರ ತೋರಿಸಿದಾಗ, ಬೆಲೆ ಇಳಿಸಿ ಎಂದು ಜನ ಬೊಬ್ಬೆ ಹಾಕಿದರು. ಅದರ ಕೆಲವು ಆಟಗಳ ಕಾರ್ಡಿನಲ್ಲಿ ಆಟವೇ ಇಲ್ಲ. ಬರೀ ಕೀಲಿಕೈ ಇದೆ, ಆಟವನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕು. ಬೆಲೆ ಇಂದು ಏರಿ ನಾಳೆ ಇಳಿದೀತು. ಹೋದ ಒಡೆತನ ಹಾಗೆ ಮರಳುವುದಿಲ್ಲ.

ಮಕ್ಕಳು ಇಂಥದ್ದನ್ನು ಬೇಕೆಂದು ಹಟ ಹಿಡಿದಾಗ ಎಷ್ಟಾಯಿತು ಎಂದು ಮಾತ್ರ ಕೇಳಬೇಡಿ. ಆಡಿ ಮುಗಿದ ಮೇಲೆ ಪಕ್ಕದ ಮನೆಯ ಮಗುವಿಗೆ ಕೊಡಬಹುದೇ ಎಂದು ಅಂಗಡಿಯವನನ್ನು ಕೇಳಿ. ಇಲ್ಲ ಎಂದರೆ ಪರ್ಸಿನ ಜಿಪ್ ಎಳೆದುಕೊಂಡು ಮನೆಗೆ ಬನ್ನಿ.