ಬಿಲ್ಲಿನಲ್ಲಿ ಬರೀ ‘ಡೀಸೆಲ್’ ಅಂದರೆ ಸಾಲದು

ತಿಪಟೂರಿನಿಂದ ಅಮ್ಮ ಕಳಿಸುವ ಕೊಬ್ಬರಿ ಎಣ್ಣೆ ಡಿಸೆಂಬರ್ ಬಂತೆಂದರೆ ನಮ್ಮ ದೆಹಲಿ ಮನೆಯಲ್ಲಿ ಕಲ್ಲಾಗುತ್ತದೆ. ಊರಲ್ಲಾದರೆ ಸ್ವಲ್ಪ ಗಟ್ಟಿಯಾದರೂ ಬಿಸಿಲಿಗಿಟ್ಟರೆ ಸಾಕು, ಇಲ್ಲಿ ಬಾಟಲಿಯನ್ನು ಬಿಸಿನೀರಲ್ಲಿ ಮುಳುಗಿಸಬೇಕು. ಡೀಸೆಲ್ಲೂ ಹೀಗೆಯೇ ಎಂದು ನನಗೆ ಗೊತ್ತಾದದ್ದು ಕಳೆದ ಜನವರಿಯಲ್ಲಿ, ಅಟಲ್ ಸುರಂಗದ ಆಚೆ, ಲಾಹೌಲ್‌ನ ಸಿಸ್ಸುವಿನಲ್ಲಿ.

ಕುಲ್ಲೂ ದಾಟಿದ ಮೇಲೆ ಒಂದು ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿದ್ದೆ. ‘ಮೇಲೆ ಹೋಗ್ತಿದ್ದೇವೆ, ಗಟ್ಟಿಯಾಗಲ್ಲ ತಾನೆ?’ ಎಂದು ಹಿಂದಿಯಲ್ಲಿ ಕೇಳಿಯೇ ಹಾಕಿಸಿದ್ದು. ‘ನಹೀಂ ಜಮೇಗಾ ಸರ್, ಪಹಾಡ್ ವಾಲಾ ಡೀಸೆಲ್ ಹೈ’ ಎಂದ ಹುಡುಗ. ಮರುದಿನ ಬೆಳಗ್ಗೆ ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು, ಹೊರಗೆ ಮೊಣಕಾಲುದ್ದ ಹಿಮ. ಮೆಕ್ಯಾನಿಕ್ ಬಂದು ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಮೇಣ. ಎಳೆದು ತಂದದ್ದು, ಹೊಸ ಫಿಲ್ಟರ್, ಕೂಲಿ, ಮತ್ತೊಂದು ದಿನದ ಕೋಣೆ ಬಾಡಿಗೆ, ಎಲ್ಲ ಸೇರಿ ₹14,600.

ಡೀಸೆಲ್‌ನಲ್ಲಿ ಸಹಜವಾಗಿಯೇ ಮೇಣದ ಅಂಶ ಇರುತ್ತದೆ. ಚಳಿಗೆ ಅದು ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಯಾವ ಉಷ್ಣತೆಯವರೆಗೆ ಡೀಸೆಲ್ ಫಿಲ್ಟರ್ ದಾಟಿ ಹರಿಯಬೇಕು ಎಂಬುದಕ್ಕೆ ನಮ್ಮ ಭಾರತೀಯ ಮಾನಕ ಐಎಸ್ 1460ರಲ್ಲಿ ಮಿತಿ ಇದೆ: ಬೇಸಿಗೆಗೆ 18 ಡಿಗ್ರಿ, ಚಳಿಗಾಲಕ್ಕೆ 6 ಡಿಗ್ರಿ. ಸೊನ್ನೆಗಿಂತ ಕೆಳಗಲ್ಲ, ಮೇಲೆ! ಅಂದರೆ ಸಿಸ್ಸುವಿನ ರಾತ್ರಿಯಲ್ಲಿ ಕೈಕೊಡುವ ಡೀಸೆಲ್ ಕಾಗದದ ಮೇಲೆ ಅಪ್ಪಟ ಶುದ್ಧ. ಹಾಗೆಂದು ಪರಿಹಾರವೇ ಇಲ್ಲ ಎಂದಲ್ಲ. ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲೇ ಲಡಾಖ್‌ನಂಥ ಜಾಗಗಳಿಗೆಂದು ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ತಯಾರಾಗುವುದು ದೆಹಲಿಗೆ ಹತ್ತಿರದ ಪಾಣಿಪತ್‌ನಲ್ಲಿ. ಆದರೆ ನನ್ನ ಟ್ಯಾಂಕಿಗೆ ಬಿದ್ದದ್ದು ಎರಡರಲ್ಲಿ ಯಾವುದು? ಬಿಲ್ ನೋಡಿದೆ. ಲೀಟರ್ ಇದೆ, ದರ ಇದೆ, ‘ಡೀಸೆಲ್’ ಎಂದಿದೆ. ಅಷ್ಟೆ.

ದೂರು ಕೊಟ್ಟೆ. ‘ಸಾಂದ್ರತೆ ನಿಗದಿತ ಮಿತಿಯಲ್ಲಿದೆ’ ಎಂದು ಉತ್ತರ ಬಂತು. ನಾನು ಕೇಳಿದ್ದು ಸಾಂದ್ರತೆಯನ್ನಲ್ಲ. ಬಂಕಿನಲ್ಲಿ ಗ್ರಾಹಕ ಮಾಡಿಸಬಹುದಾದದ್ದು ಸಾಂದ್ರತೆಯ ಪರೀಕ್ಷೆ ಮತ್ತು ಐದು ಲೀಟರ್ ಅಳತೆ. ಎರಡರಲ್ಲೂ ಮೇಣದ ಸುಳಿವು ಸಿಗುವುದಿಲ್ಲ. ಜೊತೆಗೆ ಇನ್ನೊಂದು ಮಾತು ಹೇಳಿದರು: ನಿಮ್ಮ ಟ್ಯಾಂಕಿನಲ್ಲಿ ಮೊದಲೇ ಬಯಲುಸೀಮೆಯ ಡೀಸೆಲ್ ಇತ್ತಲ್ಲವೇ? ಇತ್ತು. ಕಾಲು ಭಾಗ ದೆಹಲಿಯದು. ಈ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆದರೆ ಹಾಗೆ ಬೆರೆಸಬಾರದೆಂದು ಒಂದು ಫಲಕವಾದರೂ ಅಲ್ಲಿರಬೇಕಿತ್ತು.

ಕೊನೆಗೆ ಗ್ರಾಹಕರ ಆಯೋಗಕ್ಕೆ ಹೋದೆ. ನಮ್ಮಂಥ ಊರು ಬಿಟ್ಟವರಿಗೆ ಗೊತ್ತಿರಬೇಕಾದ ಸಂಗತಿ ಇದು: 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಹಿಮಾಚಲದ ಡೀಸೆಲ್‌ಗೆ ದೆಹಲಿಯಲ್ಲಿ, ಶಿರಾಡಿ ಘಾಟಿಯಲ್ಲಿ ಕೈಕೊಟ್ಟ ಟೈರಿಗೆ ಪುಣೆಯಲ್ಲಿ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಆನ್‌ಲೈನ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ಎರಡು ವರ್ಷದೊಳಗೆ ಸಲ್ಲಿಸಬೇಕು. ಮಾರುವವನು ತಾನೇ ಒಂದು ಖಾತರಿ ಕೊಟ್ಟು ಸರಕು ಅದರಂತೆ ಇಲ್ಲದಿದ್ದರೆ ಹೊಣೆ ಅವನದು ಎಂದೂ ಅದೇ ಕಾಯ್ದೆಯ 86ನೇ ಕಲಮು ಹೇಳುತ್ತದೆ. ‘ನಹೀಂ ಜಮೇಗಾ’ ಖಾತರಿಯೇ ಎಂಬುದು ನನ್ನ ವಾದ. ಬಾಯಿಮಾತು, ನಿಜ. ಕೇಳಿಸಿಕೊಂಡವರು ನಾನು ಮತ್ತು ನನ್ನ ಹೆಂಡತಿ.

ಎಡವಿದ್ದು ಬೇರೆ ಕಡೆ. ಸರಕಿನ ದೋಷ ಪರೀಕ್ಷೆಯಿಲ್ಲದೆ ತಿಳಿಯದಿದ್ದರೆ ಆಯೋಗ ದೂರುದಾರನಿಂದ ಸ್ಯಾಂಪಲ್ ಪಡೆದು, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. ನನ್ನ ಹತ್ತಿರ ಸ್ಯಾಂಪಲ್ ಎಲ್ಲಿದೆ? ಮೆಕ್ಯಾನಿಕ್ ಫಿಲ್ಟರಿನಿಂದ ಬಸಿದ ಡೀಸೆಲನ್ನು ಹಳೇ ತಗಡಿನ ಡಬ್ಬಿಗೆ ಸುರಿದು, ಚಿಂದಿ ಅದ್ದಿ ಬೆಂಕಿ ಹಚ್ಚಿದ್ದ. ಮಗಳ ಜೊತೆ ನಾನೂ ಆ ಬೆಂಕಿಗೆ ಕೈ ಕಾಯಿಸಿಕೊಂಡೆ. ಸುಡುತ್ತಿರುವುದು ನನ್ನ ಸಾಕ್ಷಿ ಅಂತ ಆಗ ಹೊಳೆಯಲೇ ಇಲ್ಲ. ಈಗ ಉಳಿದಿರುವುದು ಮೇಣ ಮೆತ್ತಿದ ಫಿಲ್ಟರಿನ ಫೋಟೊ, ಮೆಕ್ಯಾನಿಕ್ ಬರೆದುಕೊಟ್ಟ ನಾಲ್ಕು ಸಾಲು, ಬಂಕಿನ ಬಿಲ್ಲು. ಅದೂ ಶಾಯಿ ಮಾಸುವ ಜಾತಿಯದು. ಪುಣ್ಯಕ್ಕೆ ಹೆಂಡತಿ ಫೋಟೊ ಹೊಡೆದಿಟ್ಟಿದ್ದಳು.

ನಾನು ಕೇಳುವುದು ದೊಡ್ಡದೇನಲ್ಲ. ಬೆಟ್ಟದ ಬಂಕುಗಳಲ್ಲಿ ಈ ಡೀಸೆಲ್ ಎಷ್ಟು ಡಿಗ್ರಿವರೆಗೆ ನಡೆಯುತ್ತದೆ ಎಂಬ ಒಂದು ಅಂಕಿ ಪಂಪಿನ ಮೇಲೂ ಬಿಲ್ಲಿನ ಮೇಲೂ ಇರಲಿ. ಹಾಲಿನ ಪ್ಯಾಕೆಟ್ಟಿನ ಮೇಲೆ ಕೊಬ್ಬಿನ ಪ್ರಮಾಣ ಬರೆಯುವ ದೇಶದಲ್ಲಿ ಇದು ಆಗದ ಕೆಲಸವೇ? ಆ ಅಂಕಿ ಇದ್ದರೆ ನಾನು ಮುಂದೆ ಹೋಗುತ್ತಲೇ ಇರಲಿಲ್ಲ. ಮೋಸವಾದರೆ ದೂರಿಗೆ ಆಧಾರವೂ ಸಿಗುತ್ತಿತ್ತು.

ಅದೇ ಬೆಳಗ್ಗೆ ಪಕ್ಕದಲ್ಲೇ ಒಬ್ಬ ಟ್ಯಾಕ್ಸಿ ಚಾಲಕನ ಗಾಡಿಯೂ ನಿಂತಿತ್ತು. ಎರಡು ದಿನದ ಬಾಡಿಗೆ ಹೋಯಿತು. ಹೊಟ್ಟೆಪಾಡಿಗೆ ತಾನೇ ಗಾಡಿ ಓಡಿಸುವವನೂ ಕಾಯ್ದೆಯ ಪ್ರಕಾರ ಗ್ರಾಹಕನೇ. ದೂರು ಸಲ್ಲಿಸುವ ಮುನ್ನ ಅವನಿಗೆ ಫೋನು ಮಾಡಿ, ‘ನೀವೂ ಕೊಡಿ, ನಾನು ಬರೆದುಕೊಡ್ತೀನಿ’ ಎಂದೆ. ಅವನು ನಕ್ಕ. ‘ಸಾಬ್, ನೀವು ದಿಲ್ಲಿಗೆ ಹೋದಿರಿ. ನಾನು ನಾಳೆಯೂ ಅದೇ ಬಂಕಿಗೆ ಹೋಗಬೇಕಲ್ಲ.’

ನನ್ನ ದಾವೆಗೆ ಮುಂದಿನ ತಾರೀಖು ಬರುವ ತಿಂಗಳು. ಅವನ ಎರಡು ದಿನದ ಲೆಕ್ಕ ಅದರಲ್ಲಿಲ್ಲ.